ಪಿಕೋ-8ರಲ್ಲಿ ಕರ್ಸರ್ ಎಲ್ಲಿಡಬೇಕು, ಸಾಲಿಗೆ ಎಷ್ಟು ಜಾಗ ಬಿಡಬೇಕು

ಪಿಕೋ-8 ಅಂದ್ರೆ ಪುಟ್ಟ ಆಟಗಳನ್ನು ಬರೆಯಲು ಕಂಪ್ಯೂಟರ್‌ನಲ್ಲಿ ಓಡುವ ಕಾಲ್ಪನಿಕ ಗೇಮ್ ಕನ್ಸೋಲ್. ಅದರ ಪರದೆ 128×128 ಪಿಕ್ಸೆಲ್. ಒಂದು ಅಕ್ಷರಕ್ಕೆ ಸಿಗುವ ಜಾಗ 4 ಪಿಕ್ಸೆಲ್ ಅಗಲ, 6 ಪಿಕ್ಸೆಲ್ ಎತ್ತರ. ಅದರಲ್ಲಿ ಬಣ್ಣ ಬೀಳುವುದು 3×5ರಲ್ಲಿ ಮಾತ್ರ, ಮಿಕ್ಕ ಒಂದೊಂದು ಪಿಕ್ಸೆಲ್ ಸಂದು. ಅಂದ್ರೆ ಸಾಲಿಗೆ 32 ಅಕ್ಷರ, ಪರದೆಗೆ 21 ಸಾಲು.

ಬರಹ ತೋರಿಸುವ ಪ್ರಿಂಟ್ ಆಜ್ಞೆಗೆ ಎಕ್ಸ್ (ಎಡದಿಂದ ದೂರ), ವೈ (ಮೇಲಿನಿಂದ ದೂರ) ಕೊಟ್ಟರೆ ಅಲ್ಲೇ ಬರೆಯುತ್ತದೆ. ಕೊಡದಿದ್ದರೆ ಕರ್ಸರ್ (ಮುಂದಿನ ಬರಹ ಶುರುವಾಗುವ ಜಾಗ) ಇರುವ ಕಡೆ ಬರೆದು, ಕರ್ಸರನ್ನು 6 ಪಿಕ್ಸೆಲ್ ಕೆಳಗಿಳಿಸುತ್ತದೆ. ಕರ್ಸರನ್ನು (10, 20)ರಲ್ಲಿಟ್ಟು ಮೂರು ಸಲ ಸುಮ್ನೆ ಪ್ರಿಂಟ್ ಮಾಡಿ ನೋಡಿ. ಸಾಲುಗಳು 20, 26, 32ರಲ್ಲಿ ಬೀಳುತ್ತವೆ, ಎಡ ಅಂಚು 10ರಲ್ಲೇ ಇರುತ್ತದೆ. ಪರದೆ ಅಳಿಸುವ ಸಿಎಲ್‌ಎಸ್ ಆಜ್ಞೆ ಕರೆದ ಕೂಡಲೇ ಕರ್ಸರ್ ಮತ್ತೆ (0, 0)ಗೆ ಹೋಗುತ್ತದೆ. ಆದ್ದರಿಂದ ಆಟ ಶುರುವಾದಾಗ ಒಮ್ಮೆ ಮಾತ್ರ ಓಡುವ ಇನಿಟ್ ಫಂಕ್ಷನ್‌ನಲ್ಲಿ ಕರ್ಸರ್ ಇಟ್ಟರೆ ಸಾಲದು. ಪರದೆ ಬಿಡಿಸುವ ಡ್ರಾ ಫಂಕ್ಷನ್‌ನಲ್ಲಿ ಸಿಎಲ್‌ಎಸ್ ಆದಮೇಲೆ ಪ್ರತಿ ಫ್ರೇಮ್‌ಗೂ ಇಡಬೇಕು. ಅದೇ ಸಾಲಿನಲ್ಲಿ ಮುಂದುವರಿಸಬೇಕಾದರೆ ಸ್ಟ್ರಿಂಗ್ (ಬರೆಯಬೇಕಾದ ಪಠ್ಯ) ಕೊನೆಗೆ ಬ್ಯಾಕ್‌ಸ್ಲ್ಯಾಶ್ ಸೊನ್ನೆ (\0) ಹಾಕಿ, ಆಗ ಕರ್ಸರ್ ಕೆಳಗಿಳಿಯುವುದಿಲ್ಲ.

ಒಂದು ಕಡೆ ಎಚ್ಚರ ಬೇಕು. ಎಕ್ಸ್, ವೈ ಕೊಡದೆ ಪರದೆಯ ಕೆಳ ಅಂಚಿನ ಬಳಿ ಪ್ರಿಂಟ್ ಮಾಡಿದರೆ ಇಡೀ ಪರದೆ ಮೇಲಕ್ಕೆ ಸರಿಯುತ್ತದೆ, ನೀವು ಬಿಡಿಸಿದ ಚಿತ್ರದ ಸಮೇತ. ಸ್ಕೋರ್, ಜೀವಗಳ ಸಂಖ್ಯೆ ಇಂಥವನ್ನು ಕೆಳ ಅಂಚಿನಲ್ಲಿ ತೋರಿಸುವಾಗ ಎಕ್ಸ್, ವೈ ಕೊಟ್ಟೇ ಬರೆಯಿರಿ.

ಈಗ ಸಾಲಿನ ಅಂತರ. ಮಾತುಕತೆಯ ಪೆಟ್ಟಿಗೆಯಲ್ಲಿ ಒಂದೇ ಪಿಕ್ಸೆಲ್ ಸಂದು ಇದ್ದರೆ ಸಾಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ, ಓದೋಕೆ ಕಷ್ಟ. ನನ್ನ ಪ್ರಕಾರ 8 ಪಿಕ್ಸೆಲ್ ಹೆಜ್ಜೆ (ಒಂದು ಸಾಲಿನ ತುದಿಯಿಂದ ಮುಂದಿನ ಸಾಲಿನ ತುದಿಗೆ) ಸರಿಯಾದದ್ದು. ಸಾಲುಗಳನ್ನು ಟೇಬಲ್‌ನಲ್ಲಿ (ಪಟ್ಟಿಯಲ್ಲಿ) ಇಟ್ಟು ಲೂಪ್ ಓಡಿಸಿ, ಮೊದಲ ಸಾಲಿನ ವೈಗೆ ಪ್ರತಿ ಸಲ 8 ಕೂಡಿಸುತ್ತಾ ಹೋಗಿ. ಮೂರು ಸಾಲಿನ ಪೆಟ್ಟಿಗೆಯ ಎತ್ತರ ಎಷ್ಟು? ಎರಡು ಹೆಜ್ಜೆಗೆ 16, ಕೊನೆಯ ಸಾಲಿನ ಅಕ್ಷರಕ್ಕೆ 5, ಮೇಲೆ ಕೆಳಗೆ ನಾಲ್ಕು ನಾಲ್ಕು ಬಿಟ್ಟರೆ 8. ಒಟ್ಟು 29. ಕೊನೆಯ ಸಾಲಿಗೂ 8 ಲೆಕ್ಕ ಹಾಕಿದರೆ ಕೆಳಗಡೆ ಮೂರು ಪಿಕ್ಸೆಲ್ ಜಾಸ್ತಿಯಾಗಿ ಬರಹ ಮೇಲಕ್ಕೆ ಎದ್ದಂತೆ ಕಾಣುತ್ತದೆ. ಸ್ಟ್ರಿಂಗ್ ಒಳಗೇ ಬ್ಯಾಕ್‌ಸ್ಲ್ಯಾಶ್, ಕ್ಯಾರೆಟ್, ವೈ, 8 (\^y8) ಬರೆದು ಅಕ್ಷರದ ಎತ್ತರ ಬದಲಿಸಲೂ ಬಹುದು. ಆದರೆ ಅದು ಆ ಒಂದು ಪ್ರಿಂಟ್‌ಗೆ ಮಾತ್ರ. ಕಲಿಯುವಾಗ ಲೂಪ್ ವಾಸಿ, ಯಾಕಂದ್ರೆ ಪ್ರತಿ ಸಾಲಿನ ವೈ ಎಷ್ಟು ಅಂತ ಕೋಡ್‌ನಲ್ಲೇ ಕಾಣುತ್ತದೆ.

ಬರಹವನ್ನು ಪರದೆಯ ಅಗಲದ ನಡುವೆ ಕೂರಿಸಲು 64ರಿಂದ ಅಕ್ಷರಗಳ ಸಂಖ್ಯೆಯ ಎರಡರಷ್ಟು ಕಳೆಯಿರಿ. ಒಂಬತ್ತು ಅಕ್ಷರವಾದರೆ ಎಕ್ಸ್ 46. ಬಟನ್ ಗುರುತುಗಳು ಸೇರಿದರೆ ಈ ಲೆಕ್ಕ ತಪ್ಪುತ್ತದೆ, ಅವು 8 ಪಿಕ್ಸೆಲ್ ಅಗಲ. ಆಗ ಎಕ್ಸ್ 0, ವೈ ಮೈನಸ್ 20ರಲ್ಲಿ, ಅಂದ್ರೆ ಪರದೆಯ ಆಚೆ, ಪ್ರಿಂಟ್ ಮಾಡಿ. ಅದು ವಾಪಸ್ ಕೊಡುವ ಸಂಖ್ಯೆಯೇ ಅಗಲ.

ಕನ್ನಡ ಅಕ್ಷರ ಬೇಕೆಂದರೆ ಸ್ಪ್ರೈಟ್‌ನಲ್ಲಿ (ಆಟದ ಪುಟ್ಟ ಚಿತ್ರದಲ್ಲಿ) ನಾವೇ ಬಿಡಿಸಬೇಕು. ಆಗ ಸಾಲಿನ ಅಂತರವನ್ನು ಒತ್ತಕ್ಷರವೇ ತೀರ್ಮಾನಿಸುತ್ತದೆ. ‘ಅಮ್ಮ’ ಬರೆದರೆ ಮ ಒತ್ತು ಕೆಳಗೆ ಇಳಿಯುತ್ತದೆ ಅಲ್ವಾ? ಅಕ್ಷರಕ್ಕೊಂದು 8×8 ಸ್ಪ್ರೈಟ್, ಒತ್ತಿಗೆ ಅದರ ಕೆಳಗೆ ಇನ್ನೊಂದು ಇಟ್ಟುಕೊಂಡರೆ ಹೆಜ್ಜೆ 16 ಆಗುತ್ತದೆ, ಪರದೆಗೆ 8 ಸಾಲು ಹಿಡಿಸುತ್ತದೆ.