ನೆರಿಗೆ ಬಿಚ್ಚಿಕೊಂಡರೆ ತಪ್ಪೇನು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಪರದೆ ಕೊಳ್ಳಲು ಹೋದರೆ ಒಂದು ಮಾತು ಕೇಳಿಯೇ ಕೇಳುತ್ತದೆ: 'ಎಷ್ಟ್ ಸಲ ತೊಳದ್ರೂ ನೆರಿಗಿ ಕೆಡಂಗಿಲ್ರಿ.' ಕೆಡಲ್ಲ, ನಿಜ. ಯಾಕೆಂದರೆ ಅದು ಪಾಲಿಯೆಸ್ಟರ್. ಹತ್ತಿ ಬೆಳೆಯುವ ಶಹಾಪುರ, ಸುರಪುರ ಪಕ್ಕದ ಯಾದಗಿರಿ ಜಿಲ್ಲೆಯಲ್ಲೇ ಇವೆ. ನಮ್ಮ ಕಿಟಕಿಗೆ ಮಾತ್ರ ಪೆಟ್ರೋಲಿಯಂನಿಂದ ಮಾಡಿದ ಬಟ್ಟೆ.

ನೆರಿಗೆ ಹಿಡಿಯುವುದು ಬಹಳ ಹಳೆಯ ಕೆಲಸ. ಈಜಿಪ್ಟಿನ ತರ್ಖಾನ್‌ನಲ್ಲಿ ಸಿಕ್ಕ ಒಂದು ಲಿನನ್ ಅಂಗಿಗೆ 5,000 ವರ್ಷ ದಾಟಿದೆ. ಅದರ ತೋಳಿನ ಸಣ್ಣ ನೆರಿಗೆ ಇವತ್ತಿಗೂ ಕಾಣುತ್ತದೆ. ನಮ್ಮಲ್ಲಿ ಹದಿನೆಂಟು ಮೊಳದ ಸೀರೆ, ಧೋತರ ಇದ್ದವು. ಕತ್ತರಿ ಬೇಡ, ಹೊಲಿಗೆ ಬೇಡ, ಬೆರಳು ಸಾಕು. ರಾತ್ರಿ ಬಿಚ್ಚಿದರೆ ಮತ್ತೆ ಇಡೀ ಬಟ್ಟೆ.

ಹತ್ತಿಯ ಮಡಿಕೆ ನೀರು ತಾಗಿದರೆ ಸಡಿಲವಾಗುತ್ತದೆ. ಗಂಜಿ, ಇಸ್ತ್ರಿ ಎಲ್ಲ ಮುಂದಿನ ಒಗೆತದವರೆಗೆ. ರೇಷ್ಮೆಯೂ ಹಾಗೇ. ವೆನಿಸ್‌ನ ವಸ್ತ್ರ ವಿನ್ಯಾಸಕ ಮಾರಿಯಾನೊ ಫಾರ್ಚುನಿ 1909ರಲ್ಲಿ ನೆರಿಗೆಯ ರೇಷ್ಮೆ ಉಡುಪಿಗೆ ಪೇಟೆಂಟ್ ಪಡೆದರು. ಅದು ಒದ್ದೆಯಾದರೆ ನೆರಿಗೆ ಹಿಡಿಸಲು ಅವರ ಕಾರ್ಖಾನೆಗೇ ವಾಪಸ್ ಕಳಿಸಬೇಕಿತ್ತು!

1941ರಲ್ಲಿ ಬ್ರಿಟನ್‌ನಲ್ಲಿ ಪಾಲಿಯೆಸ್ಟರ್ ಹುಟ್ಟಿದ ಮೇಲೆ ಆಟ ಬದಲಾಯಿತು. ಇದು ಬಿಸಿಗೆ ಮೆತ್ತಗಾಗಿ, ತಣ್ಣಗಾದಾಗ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಜಪಾನಿನ ವಸ್ತ್ರ ವಿನ್ಯಾಸಕ ಇಸ್ಸೆ ಮಿಯಾಕೆ 1993ರಲ್ಲಿ ಇದೇ ಗುಣದಿಂದ ಹೊಸ ಬಗೆಯ ಉಡುಪುಗಳನ್ನೇ ತಂದರು. ಚೆಂದವೇ, ಅಲ್ವಾ? ಆದರೆ ಆ ಬಟ್ಟೆ ಮಣ್ಣಲ್ಲಿ ಕರಗಲ್ಲ. ತೊಳೆದಾಗ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ.

ಹಾಗಂತ ಹತ್ತಿ ಪರದೆಗೆ ಪ್ರತಿ ಸಲ ಇಸ್ತ್ರಿ ತಿಕ್ಕುತ್ತಾ ಕೂರಲು ಯಾರಿಗೆ ಪುರಸೊತ್ತಿದೆ? ನನಗಂತೂ ಇಲ್ಲ. ಅದಕ್ಕೇ ತಲೆಭಾಗದಲ್ಲಷ್ಟೇ ನೆರಿಗೆ ಹಿಡಿದು ಕಚ್ಚಾ ಹೊಲಿಗೆ ಹಾಕುವುದು ವಾಸಿ. ಕೆಳಗಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ. ತೊಳೆಯುವ ದಿನ ದಾರ ಎಳೆದರೆ ಆಯ್ತು.

ಬಾಗಿಲ ಪರದೆಗೆ ಟ್ರಂಕಿನಲ್ಲಿರುವ ಹಳೆಯ ಹತ್ತಿ ಸೀರೆಯೇ ಸಾಕು, ಲೆಕ್ಕ ನೋಡಿ. ಹಳೆಯ ಆರು ಗಜದ ಸೀರೆ 18 ಅಡಿ ಉದ್ದ, ಸುಮಾರು 45 ಇಂಚು ಅಗಲ. ಬಾಗಿಲು 3 ಅಡಿ ಅಗಲ, 7 ಅಡಿ ಎತ್ತರ. ಅಂಚು ಮಡಚಲು ಸೇರಿಸಿ ಏಳೂವರೆ ಅಡಿಯ ಎರಡು ತುಂಡು ಸಿಗುತ್ತವೆ. ಅಕ್ಕಪಕ್ಕ ಇಟ್ಟರೆ 90 ಇಂಚು, ಅಂದರೆ ಬಾಗಿಲಿನ ಎರಡೂವರೆ ಪಟ್ಟು. ತುಂಬು ನೆರಿಗೆಗೆ ಅಷ್ಟು ಬೇಕು. ಶಹಾಬಾದ್ ಫರ್ಸಿ ಕಲ್ಲು ಹಾಸಿದ ಮನೆಯಲ್ಲಿ ಮಾತು ಗುಂಯ್‌ಗುಡುತ್ತದಲ್ಲ, ಬಟ್ಟೆ ಚಪ್ಪಟೆಯಾಗಿ ತೂಗುವುದಕ್ಕಿಂತ ನೆರಿಗೆ ತುಂಬಿ ತೂಗಿದರೆ ಅದು ಸ್ವಲ್ಪ ತಗ್ಗುತ್ತದೆ.

ಕಲಬುರಗಿಯಲ್ಲಿ ನಿಜಾಮರ ಕಾಲದ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್ ಮುಚ್ಚಿ ಈಗ ಬಡಾವಣೆಯ ಹೆಸರಾಗಿ ಉಳಿದಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಗೆ ಬಂತು. ಅಲ್ಲಿ ನಮ್ಮ ಹತ್ತಿಯ ಪರದೆ ಬಟ್ಟೆಗೂ ಒಂದು ಮಗ್ಗ ಇರಲಿ ಅನ್ನುವುದು ನನ್ನಾಸೆ. ಅಲ್ಲಿಯವರೆಗೆ ಟ್ರಂಕಿನ ಸೀರೆ ಇದ್ದೇ ಇದೆ. ಸೀರೆಯಲ್ಲಿ ಇನ್ನೂ ಮೂರಡಿ ಉಳಿಯಿತಲ್ಲ, ಅದು ಕೌದಿಗೆ.