ಸಯಾಟಿಕಾ ಅಂದರೆ ಯಾವ ನೋವು, ಯಾವುದಲ್ಲ

ಸೊಂಟ ಹಿಡಿದುಕೊಂಡರೆ ಸಯಾಟಿಕಾ. ಬಸ್ಸಿನಲ್ಲಿ ಕೂತು ಕೂತು ಕಾಲು ಜೋಮು ಹಿಡಿದರೆ ಸಯಾಟಿಕಾ. ಈಗೀಗ ಮಂಡಿ ನೋವಿಗೂ ಅದೇ ಹೆಸರು. ಮೊನ್ನೆ ಒಂದು ವಿಡಿಯೊದಲ್ಲಿ 'ಹಳೇ ಸಯಾಟಿಕಾಗೆ ಪಕ್ಕಾ ಪರಿಹಾರ' ಅಂತ ಎಣ್ಣೆ ಮಾರುತ್ತಿದ್ದವರು ಕೈಯಿಟ್ಟು ತೋರಿಸಿದ್ದು ಬೆನ್ನಿನ ನಟ್ಟನಡುವೆ. ಕಾಲಿನ ಮಾತೇ ಬರಲಿಲ್ಲ. ಕಾಲಿನ ಮಾತಿಲ್ಲದ ಸಯಾಟಿಕಾ ಅನ್ನುವುದೇ ಇಲ್ಲ.

ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ತಿಂಗಳುಗಟ್ಟಲೆ ಕಾಲು ಸೆಳೆತದಲ್ಲಿ ನಿದ್ದೆಗೆಟ್ಟವರು ಎಣ್ಣೆ, ಬೆಲ್ಟು, ಮಾತ್ರೆ, ಅದರ ಮೇಲೆ ಇನ್ನೊಂದು ಮಾತ್ರೆ ಅಂತ ಸುತ್ತುತ್ತಲೇ ಇರುತ್ತಾರೆ. ಎಲ್ಲ ನೋವಿಗೂ ಒಂದೇ ಹೆಸರಿಟ್ಟು ಎಲ್ಲದಕ್ಕೂ ಒಂದೇ ಮದ್ದು ಹುಡುಕುವುದು ಇದಕ್ಕೆ ದೊಡ್ಡ ಕಾರಣ.

ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪದ ನರ. ಬೆನ್ನುಮೂಳೆಯ ಕೆಳಭಾಗದಿಂದ ಹೊರಡುವ ಐದು ಬೇರುಗಳು, ಅಂದರೆ ವರದಿಗಳಲ್ಲಿ ಎಲ್4, ಎಲ್5, ಎಸ್1 ಅಂತೆಲ್ಲ ಬರೆದಿರುತ್ತಾರಲ್ಲ ಅವು ಮತ್ತು ಎಸ್2, ಎಸ್3, ಒಂದಾಗಿ ಪೃಷ್ಠದ ಒಳಗಿಂದ ತೊಡೆಯ ಹಿಂಭಾಗಕ್ಕೆ ಇಳಿಯುತ್ತವೆ. ಮಂಡಿಗಿಂತ ಸ್ವಲ್ಪ ಮೇಲೆ ಆ ನರ ಎರಡು ಕವಲಾಗಿ ಪಾದದ ತನಕ ಹೋಗುತ್ತದೆ. ಈ ದಾರಿ ಹಿಡಿದು ಇಳಿಯುವ ನೋವು ಸಯಾಟಿಕಾ. ಹೆಚ್ಚಾಗಿ ಒಂದೇ ಕಾಲಿಗೆ, ಹೆಚ್ಚಾಗಿ ಮಂಡಿಯಿಂದ ಕೆಳಕ್ಕೂ, ಬಹಳ ಸಲ ಸೊಂಟಕ್ಕಿಂತ ಕಾಲಲ್ಲೇ ಜಾಸ್ತಿ. ಇದು ರೋಗದ ಹೆಸರಲ್ಲ, ಲಕ್ಷಣದ ಹೆಸರು, ಜ್ವರ ಇದ್ದ ಹಾಗೆ. ಜ್ವರ ಬಂದರೆ ಡೆಂಗಿಯೋ ಟೈಫಾಯ್ಡೋ ಅಂತ ಕೇಳುತ್ತೇವೆ. ಸಯಾಟಿಕಾ ಅಂದಾಗ ಯಾವ ಬೇರು, ಅದನ್ನು ಒತ್ತುತ್ತಿರುವುದು ಏನು ಅಂತ ಯಾಕೆ ಕೇಳುವುದಿಲ್ಲ?

ಗೊಂದಲ ಇವತ್ತಿನದಲ್ಲ, ಪದದ ಹುಟ್ಟಿನಲ್ಲೇ ಇದೆ. ಗ್ರೀಕಿನ 'ಇಸ್ಕಿಯಾನ್' ಅಂದರೆ ತೊಡೆಮೂಳೆ ಬಂದು ಕೂರುವ ಸೊಂಟದ ಕೀಲು. ಅಲ್ಲಿಂದ ಲ್ಯಾಟಿನ್ನಿಗೆ ಹೋಗಿ, ಸವೆದು, 'ಸಯಾಟಿಕಾ' ಆಯಿತು. ಅಂದರೆ ಪದದ ಮೂಲದಲ್ಲಿ ನರ ಇಲ್ಲವೇ ಇಲ್ಲ. ಸೊಂಟದ ಸುತ್ತಮುತ್ತ ಏನು ನೋವಾದರೂ, ಕೀಲು ಸವೆದಿದ್ದರೂ, ನರ ಒತ್ತಿದ್ದರೂ, ಯುರೋಪಿನಲ್ಲಿ ಶತಮಾನಗಟ್ಟಲೆ ಅದೇ ಹೆಸರು. ಬಿಡಿಸಿ ನೋಡಿದವರು ನೇಪಲ್ಸ್‌ನ ವೈದ್ಯ ದೊಮೆನಿಕೊ ಕೊಟುನ್ಯೊ. 1764ರಲ್ಲಿ ಅವರು ಇದೊಂದರ ಮೇಲೆಯೇ ಒಂದು ಪುಸ್ತಕ ಬರೆದು, ಕೀಲಿನಿಂದ ಬರುವ ನೋವು ಬೇರೆ, ನರದಿಂದ ಬರುವ ನೋವು ಬೇರೆ ಅಂತ ತೋರಿಸಿದರು. ನರದ ನೋವಲ್ಲೂ ತೊಡೆಯ ಹಿಂದೆ ಇಳಿಯುವುದು ಒಂದು, ಮುಂದೆ ಇಳಿಯುವುದು ಇನ್ನೊಂದು ಅಂತ ಬೇರ್ಪಡಿಸಿದರು. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವನ್ನು ವಿವರಿಸಿದ್ದೂ ಅದೇ ಪುಸ್ತಕದಲ್ಲಿ.

ನರವನ್ನು ಕೆಣಕುವುದು ಏನು ಅನ್ನುವುದು ಸ್ಪಷ್ಟವಾಗಲು ಇನ್ನೂ 170 ವರ್ಷ ಬೇಕಾಯಿತು. 1934ರಲ್ಲಿ ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಒಂದು ಲೇಖನ ಪ್ರಕಟಿಸಿದರು. ಅಲ್ಲಿಯ ತನಕ ಬೆನ್ನುಮೂಳೆಯೊಳಗಿನ ಗಂಟು ಅಂತ ತೆಗೆಯುತ್ತಿದ್ದ ಎಷ್ಟೋ ವಸ್ತು ನಿಜಕ್ಕೂ ಗಂಟಲ್ಲ, ಒಡೆದ ಡಿಸ್ಕಿನ, ಅಂದರೆ ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆಯ, ಚೂರು ಅಂತ ಅವರು ತೋರಿಸಿಕೊಟ್ಟರು. 'ಡಿಸ್ಕ್ ಜಾರಿದೆ' ಅನ್ನುವ ಮಾತು ಆಮೇಲೆ ಊರೂರಿಗೂ ಬಂತು. ಡಿಸ್ಕ್ ಜಾರುವುದಿಲ್ಲ. ಅದರ ಹೊರಗಿನ ಗಟ್ಟಿ ಪದರ ಸೀಳಿ ಒಳಗಿನ ಮೆತ್ತನೆಯ ಭಾಗ ಹೊರಗೆ ಉಬ್ಬುತ್ತದೆ, ಪಕ್ಕದ ಬೇರನ್ನು ಒತ್ತುತ್ತದೆ, ಉರಿಯೂತ ಎಬ್ಬಿಸುತ್ತದೆ. ಜಾರಿದ್ದನ್ನು ಒತ್ತಿ ಕೂರಿಸುತ್ತೇನೆ ಅನ್ನುವವರಿಗೆ ಬೆನ್ನು ಕೊಡುವ ಮುಂಚೆ ಇದಿಷ್ಟು ಗೊತ್ತಿರಬೇಕು.

ಆಯುರ್ವೇದದ ಹೆಸರು 'ಗೃಧ್ರಸಿ'. ಗೃಧ್ರ ಅಂದರೆ ರಣಹದ್ದು. ನೋವಿದ್ದವರು ಒಂದು ಕಡೆ ವಾಲಿಕೊಂಡು ಹದ್ದಿನ ಹಾಗೆ ನಡೆಯುತ್ತಾರೆ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ನನಗೆ ಇಷ್ಟವಾಗುವುದು ಹೆಸರಿಗಿಂತ ಚರಕ ಸಂಹಿತೆಯ ವರ್ಣನೆ. ನೋವು ಮೊದಲು ಪೃಷ್ಠದಲ್ಲಿ, ಆಮೇಲೆ ಸೊಂಟ, ಬೆನ್ನು, ತೊಡೆ, ಮಂಡಿ, ಮೀನಖಂಡ, ಪಾದ ಅಂತ ಕ್ರಮವಾಗಿ ಹಿಡಿಯುತ್ತದೆ, ಬಿಗಿತ ಇರುತ್ತದೆ, ಚುಚ್ಚುತ್ತದೆ, ಆಗಾಗ ಅದುರುತ್ತದೆ ಅನ್ನುತ್ತದೆ ಗ್ರಂಥ. ಗ್ರೀಕ್ ಪದ ಜಾಗ ಹೇಳಿ ನಿಂತಿತು, ಇಲ್ಲಿ ದಾರಿಯನ್ನೇ ಹೇಳಿದ್ದಾರೆ. ಗೃಧ್ರಸಿಗೆ ಅಂತ ಕಂಡಕಂಡ ಬೆನ್ನುನೋವಿಗೆಲ್ಲ ಎಣ್ಣೆ ಕೊಡುವವರು ಆ ಸಾಲನ್ನಾದರೂ ಓದಬೇಕು.

ಕನ್ನಡದ್ದೇ ಒಂದು ತೊಡಕೂ ಇದೆ. 'ಸೊಂಟ' ಅನ್ನುವ ಪದ ತುಂಬಾ ಅಗಲ. ಬೆನ್ನಿನ ಕೆಳಭಾಗವೂ ಸೊಂಟ, ಸೀರೆಯ ನೆರಿಗೆ ಸಿಕ್ಕಿಸುವ ಜಾಗವೂ ಸೊಂಟ, ತೊಡೆಯ ಕೀಲೂ ಸೊಂಟ. ಅದಕ್ಕೆ ಡಾಕ್ಟರ ಮುಂದೆ 'ಸೊಂಟ ನೋವು' ಅಂತಷ್ಟೇ ಹೇಳಿದರೆ ಏನೂ ಹೇಳಿದ ಹಾಗಲ್ಲ, ಬೆರಳಿಟ್ಟು ತೋರಿಸಬೇಕು. ನೋವಿನ ಬಗೆಗೆ ಮಾತ್ರ ನಮ್ಮಲ್ಲಿ ಚೆನ್ನಾದ ಪದಗಳಿವೆ. ಚಳುಕು, ಸೆಳೆತ, ಜೋಮು, ಉರಿ. ಮನೆಯ ಅಜ್ಜಿ 'ಕಾಲು ಸೆಳೀತಿದೆ ಕಣೋ, ಹಿಂದಿಂದ ಹಿಮ್ಮಡಿ ತನಕ' ಅಂದರೆ ಡಾಕ್ಟರಿಗೆ ಅದು 'ಸಯಾಟಿಕಾ' ಅನ್ನುವ ಪದಕ್ಕಿಂತ ಎಷ್ಟೋ ಹೆಚ್ಚು ಉಪಯೋಗ.

ಹಾಗೆ ದಾರಿ ಹೇಳಿದರೆ ಎಷ್ಟೋ ಗೊತ್ತಾಗುತ್ತದೆ. ಜೋಮು ಹೆಬ್ಬೆರಳಿನ ಕಡೆಗೆ ಹೋಗಿ ಹಿಮ್ಮಡಿಯ ಮೇಲೆ ನಡೆಯಲು ಕಷ್ಟವಾದರೆ ಅನುಮಾನ ಎಲ್5 ಬೇರಿನ ಮೇಲೆ. ಮೀನಖಂಡ, ಕಿರುಬೆರಳಿನ ಕಡೆಗೆ ಇಳಿದು ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಎಸ್1. ಸ್ವಲ್ಪ ದೂರ ನಡೆದ ಕೂಡಲೇ ಎರಡೂ ಕಾಲು ಭಾರವಾಗಿ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾದರೆ, ವಯಸ್ಸಾದವರಲ್ಲಿ ಅದು ಬೆನ್ನುಹುರಿಯ ಕಾಲುವೆ ಕಿರಿದಾಗಿರುವುದರ ಗುರುತಿರಬಹುದು. ನೋವು ತೊಡೆಸಂದಿಯಲ್ಲಿದ್ದು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿದ್ದರೆ ತೊಡೆಯ ಕೀಲನ್ನು ನೋಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರ ಎರಡೂ ಅಂಗಾಲು ಉರಿಯುವುದು ಬೇರೆಯೇ ವಿಷಯ. ಇವಕ್ಕೆಲ್ಲ ಒಂದೇ ಚಿಕಿತ್ಸೆ ಹೇಗಾದೀತು? ಮಲಗಿಸಿ, ಮಂಡಿ ಮಡಿಸದೆ ಕಾಲು ಎತ್ತಿ ನೋಡುವ ಪರೀಕ್ಷೆ ಇದೆಯಲ್ಲ, ಅದಕ್ಕೆ ಫ್ರಾನ್ಸಿನ ವೈದ್ಯ ಲಸೇಗ್ ಅವರ ಹೆಸರು. ಅದನ್ನು ವಿವರಿಸಿ 1881ರಲ್ಲಿ ಬರೆದವರು ಅವರ ಶಿಷ್ಯ ಫೋರ್ಸ್ಟ್. ಖರ್ಚಿಲ್ಲದ ಪರೀಕ್ಷೆ. ಅದನ್ನೂ ಮಾಡದೆ ನೇರವಾಗಿ ಎಂಆರ್‌ಐಗೆ ಬರೆದುಕೊಟ್ಟರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಎಂಆರ್‌ಐ ವರದಿ ಹಿಡಿದುಕೊಂಡು 'ನೋಡಿ, ಡಿಸ್ಕ್ ಬಲ್ಜ್ ಇದೆ, ಅಂದರೆ ಸಯಾಟಿಕಾ' ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದರು. ಶೇ 52 ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕೂ ಸರಿ ಇದ್ದವರು ಶೇ 36 ಮಾತ್ರ. ಅಂದರೆ ಉಬ್ಬು ಕಂಡ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತು ಅಂತಲ್ಲ. ಉಬ್ಬು ಯಾವ ಬೇರನ್ನು ಮುಟ್ಟುತ್ತಿದೆಯೋ ಅದೇ ಬೇರಿನ ದಾರಿಯಲ್ಲಿ, ಅದೇ ಕಾಲಿನಲ್ಲಿ ನೋವಿದ್ದರೆ ಮಾತ್ರ ಲೆಕ್ಕ ತಾಳೆಯಾಗುತ್ತದೆ. ಬಲಗಡೆ ಉಬ್ಬು, ಎಡಗಾಲಲ್ಲಿ ನೋವು ಅಂದರೆ ಮತ್ತೆ ಯೋಚಿಸಬೇಕು.

ಇನ್ನು 'ಹಳೇ' ಅಥವಾ 'ದೀರ್ಘಕಾಲದ' ಸಯಾಟಿಕಾ ಅನ್ನುವಾಗಿನ ವಿಶೇಷಣ. ಸಾಮಾನ್ಯವಾಗಿ ಮೂರು ತಿಂಗಳು ದಾಟಿದ್ದಕ್ಕೆ ಹಾಗನ್ನುತ್ತಾರೆ. ಹೆಚ್ಚಿನವರ ನೋವು ಅಷ್ಟರೊಳಗೆ ತಾನಾಗಿಯೇ ತಗ್ಗುತ್ತದೆ. ಹೊರಬಂದ ಡಿಸ್ಕಿನ ಚೂರನ್ನು ದೇಹ ಎಷ್ಟೋ ಸಲ ನಿಧಾನವಾಗಿ ಕರಗಿಸಿಬಿಡುತ್ತದೆ. ಮೊದಲ ಒಂದೂವರೆ ಎರಡು ತಿಂಗಳಲ್ಲಿ ಏನು ಮಾಡಿದರೂ ಗುಣವಾದ ಹಾಗೆ ಕಾಣುವುದು ಇದಕ್ಕೇ. ಆ ಹೊತ್ತಿನಲ್ಲಿ ತಿಕ್ಕಿದ ಎಣ್ಣೆಗೂ, ಕಟ್ಟಿದ ಪಟ್ಟಿಗೂ ಸುಮ್ನೆ ಒಳ್ಳೆ ಹೆಸರು ಬಂದುಬಿಡುತ್ತದೆ. ಹೊಸ ನೋವಿನವರ ಅನುಭವ ಕೇಳಿ ವರ್ಷದಿಂದ ನರಳುತ್ತಿರುವವರು ಅದನ್ನೇ ಮಾಡಲು ಹೋಗುತ್ತಾರೆ. ಎರಡೂ ಒಂದೇ ಪರಿಸ್ಥಿತಿ ಅಲ್ಲ.

ಹಳೇ ನೋವಿಗೆ ನಮ್ಮಲ್ಲಿ ಮೊದಲು ಸಿಗುವ ಸಲಹೆ 'ಹಾಸಿಗೆ ಬಿಟ್ಟು ಏಳಬೇಡಿ'. ನೆದರ್ಲೆಂಡ್ಸ್‌ನಲ್ಲಿ 183 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರ ಹಾಸಿಗೆಯಲ್ಲಿ ಮಲಗಿದವರಿಗೂ ಹಾಗೆ ಮಲಗದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದ್ದು ಓಡಾಡಿ, ಆದಷ್ಟು.

ಎರಡನೆಯದು 'ನರದ ಮಾತ್ರೆ'. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನರದ ನೋವಿಗೆ ಅಂತ ಕೊಡುವ ಪ್ರೀಗ್ಯಾಬಲಿನ್ ಔಷಧಕ್ಕೆ ಬಿ12 ವಿಟಮಿನ್ ಸೇರಿಸಿದ ಮಾತ್ರೆ ನಮ್ಮ ಊರುಗಳಲ್ಲಿ ತಿಂಗಳುಗಟ್ಟಲೆ ನುಂಗುವವರು ಎಷ್ಟಿಲ್ಲ? ಅದನ್ನು ಬಹಳ ಜನ ನರಕ್ಕೆ ಶಕ್ತಿ ಕೊಡುವ ಟಾನಿಕ್ ಅಂತಲೇ ತಿಳಿದಿದ್ದಾರೆ. ಆಸ್ಟ್ರೇಲಿಯಾದಲ್ಲಿ ಸಯಾಟಿಕಾ ಇದ್ದ 209 ಜನರಿಗೆ ಪ್ರೀಗ್ಯಾಬಲಿನ್ ಅಥವಾ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಬಂತು. ಕಾಲುನೋವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ತಲೆಸುತ್ತು ಮಾತ್ರ ಪ್ರೀಗ್ಯಾಬಲಿನ್ ತಗೊಂಡವರಿಗೆ ಜಾಸ್ತಿ. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, 2020ರ ಪರಿಷ್ಕರಣೆಯ ನಂತರ, ಸಯಾಟಿಕಾಗೆ ಈ ಗುಂಪಿನ ಔಷಧಗಳನ್ನು ಕೊಡಬೇಡಿ ಅನ್ನುತ್ತದೆ. ನುಂಗುವ ಸ್ಟೀರಾಯ್ಡನ್ನೂ ಕೊಡಬೇಡಿ, ಹಳೇ ಸಯಾಟಿಕಾಗೆ ಅಫೀಮಿನ ವರ್ಗದ ನೋವು ಮಾತ್ರೆಯೂ ಬೇಡ ಅಂತಲೂ ಹೇಳುತ್ತದೆ. ಹಾಗಂತ ಇವತ್ತೇ ಮಾತ್ರೆ ಬಿಸಾಡಬೇಡಿ. ಪ್ರೀಗ್ಯಾಬಲಿನ್ ದಿಢೀರ್ ನಿಲ್ಲಿಸಬಾರದು, ಡಾಕ್ಟರ ಹತ್ತಿರ ಮಾತಾಡಿ ನಿಧಾನವಾಗಿ ಇಳಿಸಬೇಕು.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಶುರುವಿನ ತೀವ್ರ ನೋವಿನಲ್ಲಿ ಕೆಲವರಿಗೆ ಕೆಲವು ವಾರಗಳ ನಿರಾಳ ಕೊಡಬಹುದು. ಹಳೇ ನೋವಿಗೆ ಅದನ್ನೇ ಮತ್ತೆ ಮತ್ತೆ ಹಾಕಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಆಪರೇಷನ್ ಅಂದರೆ ನಮ್ಮವರಿಗೆ ಭಯ. 'ಬೆನ್ನಿಗೆ ಕೈ ಹಾಕಿಸಿದರೆ ಕಾಲೇ ಹೋಗುತ್ತೆ' ಅಂತ ಹೇಳದ ಬಂಧುಗಳೇ ಇಲ್ಲ. ಶುರುವಿನಲ್ಲೇ ಅವಸರಪಡುವ ಅಗತ್ಯ ಹೆಚ್ಚಿನವರಿಗೆ ಇಲ್ಲ, ನಿಜ. 2007ರ ಡಚ್ ಅಧ್ಯಯನದಲ್ಲಿ ಬೇಗ ಆಪರೇಷನ್ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು, ಆದರೆ ವರ್ಷದ ಕೊನೆಗೆ ಕಾದು ನೋಡಿದವರೂ ಅಲ್ಲಿಗೇ ಬಂದಿದ್ದರು. ಅವರಲ್ಲೂ ಶೇ 39 ಜನ ನಡುವೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆದರೆ ನೋವು ಹಳೆಯದಾದ ಮೇಲೆ ಲೆಕ್ಕ ಬೇರೆ. ಕೆನಡಾದಲ್ಲಿ 4ರಿಂದ 12 ತಿಂಗಳು ನೋವು ಉಳಿದಿದ್ದ, ಡಿಸ್ಕ್ ಬೇರನ್ನು ಒತ್ತುತ್ತಿದ್ದ 128 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಿಸ್ಕಿನ ಚೂರು ತೆಗೆಯುವ ಆಪರೇಷನ್. ಇನ್ನೊಂದಕ್ಕೆ ಆರು ತಿಂಗಳು ಫಿಸಿಯೋಥೆರಪಿ, ಔಷಧ, ಬೇಕಾದರೆ ಇಂಜೆಕ್ಷನ್. ಶುರುವಲ್ಲಿ ಎರಡೂ ಗುಂಪಿನ ಕಾಲುನೋವು ಹತ್ತಕ್ಕೆ ಎಂಟರ ಹತ್ತಿರ. ಆರು ತಿಂಗಳಿಗೆ ಆಪರೇಷನ್ ಆದವರದು 2.8, ಆಗದವರದು 5.2. ಇದು ಪ್ರಕಟವಾಗಿದ್ದು 2020ರಲ್ಲಿ. ವರ್ಷಗಟ್ಟಲೆ ಹೆದರಿ ಕೂತವರಿಗೆ ಈ ಅಂಕಿ ಯಾರಾದರೂ ಹೇಳಬೇಕಲ್ವಾ?

ಇಲ್ಲೇ ಪದದ ಅರ್ಥ ಕೆಲಸಕ್ಕೆ ಬರುವುದು. ಆ ಆಪರೇಷನ್ ಇಳಿಸುವುದು ಮುಖ್ಯವಾಗಿ ಕಾಲುನೋವನ್ನು. ಬರೀ ಬೆನ್ನುನೋವಿಗೆ 'ಸಯಾಟಿಕಾ' ಅಂತ ಹೆಸರಿಟ್ಟು ಅದೇ ಆಪರೇಷನ್ ಮಾಡಿಸಿಕೊಂಡವರು ನೋವು ಹಾಗೇ ಉಳಿಯಿತು ಅಂದರೆ ಆಶ್ಚರ್ಯವಿಲ್ಲ. ಅದನ್ನು ಕೇಳಿ, ನಿಜವಾಗಿ ಬೇಕಾದವರೂ ಹಿಂದೆ ಸರಿಯುತ್ತಾರೆ.

ಒಂದು ಸ್ಥಿತಿಯಲ್ಲಿ ಮಾತ್ರ ಯಾವ ಚರ್ಚೆಯೂ ಬೇಡ. ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಎರಡೂ ಕಾಲಿನ ಬಲ ಕುಗ್ಗುತ್ತಾ ಬಂದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಪಾದ ಎತ್ತಲಾಗದೆ ಚಪ್ಪಲಿ ಕಾಲಿಂದ ಜಾರುತ್ತಿದ್ದರೂ ತಡ ಮಾಡಬೇಡಿ.

'ಗುಣವಾಗುತ್ತಿದೆ' ಅನ್ನುವುದನ್ನೂ ಈ ನೋವಿನಲ್ಲಿ ಸರಿಯಾಗಿ ಓದಿಕೊಳ್ಳಬೇಕು. ವ್ಯಾಯಾಮ ಮಾಡುವಾಗ ಪಾದದಲ್ಲಿದ್ದ ನೋವು ಮಂಡಿಗೆ, ಮಂಡಿಯಿಂದ ಪೃಷ್ಠಕ್ಕೆ ಹತ್ತುತ್ತಾ ಬಂದು ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದರೆ ಅದು ಸಾಮಾನ್ಯವಾಗಿ ಒಳ್ಳೆಯ ಸೂಚನೆ, ಫಿಸಿಯೋಥೆರಪಿಯವರು ಕಾಯುವುದೇ ಅದಕ್ಕೆ. ಸೊಂಟ ಹಗುರಾಗಿ ನೋವು ಕೆಳಕ್ಕೆ ಇಳಿಯುತ್ತಾ ಹೋದರೆ ಆ ವ್ಯಾಯಾಮ ನಿಲ್ಲಿಸಿ ತೋರಿಸಿ. ಸೆಳೆತ ಹೋದ ಮೇಲೂ ಬೆರಳಿನ ಜೋಮು ತಿಂಗಳುಗಟ್ಟಲೆ ಉಳಿಯಬಹುದು. ನರ ಚೇತರಿಸಿಕೊಳ್ಳುವುದು ನಿಧಾನ. ಅಷ್ಟಕ್ಕೇ ಚಿಕಿತ್ಸೆ ಸೋತಿತು ಅಂದುಕೊಂಡು ಮತ್ತೆ ಎಣ್ಣೆ, ಬೆಲ್ಟಿನ ಕಡೆ ಹೋಗಬೇಡಿ.