ಗಲಭೆಯ ಕಾಲದ ಪಾಠ: ಪರದೆ ಯಾರ ಕೈಯಲ್ಲಿ?

1975ರ ಆಗಸ್ಟ್ 1. ಬೆಂಗಳೂರಿಗೇ ಇನ್ನೂ ದೂರದರ್ಶನ ಬಂದಿರಲಿಲ್ಲ. ಆದರೆ ಅವತ್ತು ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿವಿ ಶುರುವಾಯಿತು. ನಾಸಾದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೋ ನಡೆಸಿದ ಪ್ರಯೋಗ ಅದು. ಹೆಸರು ಸೈಟ್ (SITE), ಅಂದರೆ ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಹೇಳುವ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ನಮ್ಮ ರಾಜ್ಯದಿಂದ ಸೇರಿದ್ದು ರಾಯಚೂರು, ಕಲಬುರಗಿ, ವಿಜಯಪುರ. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯ ದೊಡ್ಡ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕನ್ನಡದಲ್ಲಿ ಸುಮಾರು 22 ನಿಮಿಷದ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಸುದ್ದಿ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ಇದನ್ನು ವಿಜ್ಞಾನದ ಸಾಧನೆ ಅಂತ ಓದಿದ್ದೇವೆ. ಅದು ಸರಿಯೇ. ಆದರೆ ತಾರೀಖು ಸ್ವಲ್ಪ ನೋಡಿ. ತುರ್ತು ಪರಿಸ್ಥಿತಿ ಹೇರಿ ಐದು ವಾರ ಆಗಿತ್ತಷ್ಟೇ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿ. ಬೆಳಿಗ್ಗೆ ಮಗುವಿಗೆ ಪಾಠ ಹೇಳಿದ ಪೆಟ್ಟಿಗೆಯೇ ಸಂಜೆ ಅಪ್ಪನಿಗೆ ಸರ್ಕಾರದ ಸುದ್ದಿ ಹೇಳುತ್ತಿತ್ತು. ಊರಿನವರು ಅದಕ್ಕೆ ತಿರುಗಿ ಪ್ರಶ್ನೆ ಹಾಕುವಂತಿರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು.

ಕಷ್ಟಕಾಲದಲ್ಲಿ ಚಿತ್ರ, ಧ್ವನಿ ಬಳಸಿ ಕಲಿಸುವ ಯೋಚನೆ ತುಂಬಾ ಹಳೆಯದು. ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಊರು ಬಿಟ್ಟು ಅಲೆದವರು ಕೊಮೆನಿಯಸ್ ಎಂಬ ಮೇಷ್ಟ್ರು. ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕ ಅಚ್ಚು ಹಾಕಿಸಿದ್ದು ಅವರೇ, 1658ರಲ್ಲಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಟೆರೆಜಿನ್. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಊರು ಅದು. ಅಲ್ಲಿ ಮಕ್ಕಳಿಗೆ ಶಾಲೆ ನಡೆಸುವುದಕ್ಕೇ ನಿಷೇಧ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಸಿಕ್ಕ ಕಾಗದದ ಮೇಲೆಲ್ಲ ಮಕ್ಕಳಿಂದ ಚಿತ್ರ ಬರೆಸಿದರು. ಪ್ರತಿ ಮಗುವೂ ತನ್ನ ಚಿತ್ರಕ್ಕೆ ತನ್ನ ಹೆಸರು ಹಾಕಬೇಕು ಅನ್ನುತ್ತಿದ್ದರು. 1944ರ ಅಕ್ಟೋಬರಿನಲ್ಲಿ ಅವರನ್ನು ಆಷ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಎರಡು ಸೂಟ್‌ಕೇಸ್‌ಗಳಲ್ಲಿ ಅವರು ಬಚ್ಚಿಟ್ಟಿದ್ದ 4,000ಕ್ಕೂ ಹೆಚ್ಚು ಚಿತ್ರಗಳು ಉಳಿದವು. ಅಲ್ಲಿ ಮಕ್ಕಳು ಸುಮ್ನೆ ನೋಡುತ್ತಾ ಕೂರಲಿಲ್ಲ, ತಾವೇ ಮಾಡಿದರು. ವ್ಯತ್ಯಾಸ ಇರುವುದು ಇಲ್ಲೇ ಅಲ್ವಾ? ಯಂತ್ರ ಯಾರ ಮಾತನ್ನಾದರೂ ಹೊತ್ತು ತರುತ್ತದೆ. 1994ರಲ್ಲಿ ರುವಾಂಡಾದ ಒಂದು ರೇಡಿಯೋ ಕೊಲ್ಲುವುದಕ್ಕೇ ಜನರನ್ನು ಎತ್ತಿಕಟ್ಟಿತು.

ನಮ್ಮ ಕಡೆಗೆ ಬರೋಣ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ ತನಕ ನಿಜಾಮರ ಕೈಯಲ್ಲಿದ್ದವು. ಶಾಲೆಯಲ್ಲಿ ಉರ್ದುವಿಗೇ ಮಣೆ. ಕೊನೆಯ ವರ್ಷ ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ. ಎಷ್ಟೋ ಜನ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರ ಸೇರಿದರು. ಪಂಡಿತ ತಾರಾನಾಥರು ಇದಕ್ಕೂ ಎಷ್ಟೋ ಮೊದಲೇ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದರು. ಅಂಥ ಶಾಲೆಯ ಬಾಗಿಲು ಕಾಣದ ಮಕ್ಕಳಿಗೆ ಕನ್ನಡದ ಕಥೆ ಸಿಗುತ್ತಿದ್ದುದು ಬಯಲಾಟದಲ್ಲಿ, ತೊಗಲು ಗೊಂಬೆಯಾಟದಲ್ಲಿ. ಬಿಳಿ ಪರದೆ, ಹಿಂದೆ ದೀಪ, ರಾಮಾಯಣದ ನಡುವೆ ನುಗ್ಗಿ ನಗಿಸುವ ಕಿಳ್ಳೇಕ್ಯಾತ. ಈ ಪರದೆಯ ಮುಂದೆ ಕೂತವರು ಕೂಗಬಹುದು, ಕೆಣಕಬಹುದು. ಆಡಿಸುವವರು ಅಲ್ಲೇ ಉತ್ತರ ಕೊಡುತ್ತಾರೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದೇ ಪರದೆಯ ಮೇಲೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತಂದರು. ಅವರು ತೀರಿಕೊಂಡದ್ದು 2023ರಲ್ಲಿ. ತೊಗಲು ಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ.

ಈಗ ಗಲಾಟೆಯಾದ ಊರಲ್ಲಿ ಮೊದಲು ಇಂಟರ್ನೆಟ್ ಬಂದ್ ಮಾಡುತ್ತಾರೆ. ಅದರ ಜೊತೆ ಆನ್‌ಲೈನ್ ಪಾಠವೂ ನಿಲ್ಲುತ್ತದೆ. ಗೊಂಬೆಗೆ ರಟ್ಟು, ಕತ್ತರಿ, ಒಂದು ಬೆಡ್‌ಶೀಟ್, ಟಾರ್ಚ್ ಸಾಕು. ಮಕ್ಕಳೇ ಕತ್ತರಿಸಿ, ಮಕ್ಕಳೇ ಮಾತು ಹೇಳಿ ಆಡಿಸಬಹುದು. ಎರಡು ಕೇರಿಯ ಮಕ್ಕಳು ಒಂದೇ ಪರದೆಯ ಹಿಂದೆ ನಿಂತು ದನಿ ಕೊಡಬಹುದು. ಇದಕ್ಕೆ ಬೇಕಿರುವುದು ವಾರಕ್ಕೆರಡು ಪಿರಿಯಡ್. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಗಣಿತಕ್ಕೆ ಹೋಗುವುದು ಆ ಪಿರಿಯಡ್ಡೇ.